ಹೊಗೆಗೆ ಅಂಕ ಹಾಕುವವರು

ಮೂರು ದಶಕಗಳಿಗೂ ಹೆಚ್ಚು ಕಾಲ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನು ನಾನು. ಅಂಕ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅನುಭವದಿಂದ ಬಲ್ಲೆ. ಮೇಷ್ಟ್ರಿಗೇಕೆ ಮದ್ಯದ ಮಾತು ಎಂದು ಹುಬ್ಬೇರಿಸುವ ಮಿತ್ರರು ಕ್ಷಮಿಸಬೇಕು. ಅಪರೂಪಕ್ಕೊಮ್ಮೆ ಮೂವತ್ತು ಮಿಲಿಲೀಟರ್ ಸಿಂಗಲ್ ಮಾಲ್ಟ್ ಸವಿಯುವುದನ್ನು ನಾನೆಂದೂ ಮುಚ್ಚಿಟ್ಟವನಲ್ಲ.

ಈಚೆಗೆ ಹಳೆಯ ಶಿಷ್ಯನೊಬ್ಬ ವಿದೇಶದಿಂದ ಬಾಟಲಿಯೊಂದನ್ನು ತಂದ. ಮುಚ್ಚಳ ತೆರೆಯುವ ಮೊದಲೇ, "ಸಾರ್, ಇದು ನೂರು ದಾಟಿದ ಪಿಪಿಎಂ!" ಎಂದ. ಪರಿಮಳದ ಬಗ್ಗೆ ಒಂದು ಮಾತೂ ಇಲ್ಲ. ನನ್ನ ತಕರಾರು ಈ ಚಾಳಿಯ ಮೇಲೆ.

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಐಲಾ ದ್ವೀಪದ ಜೌಗುನೆಲದಲ್ಲಿ ಪೀಟ್ ಎಂಬ ಅರೆಕೊಳೆತ ಸಸ್ಯರಾಶಿ ಸಿಗುತ್ತದೆ. ಅದನ್ನು ಕಡಿದು, ಒಣಗಿಸಿ, ಉರಿಸಿ, ಮೊಳಕೆಯೊಡೆದ ಬಾರ್ಲಿಗೆ ಹೊಗೆ ಹಿಡಿಸುತ್ತಾರೆ. ಹೊಗೆಯಲ್ಲಿನ ಫೀನಾಲುಗಳು ಕಾಳಿಗೆ ಅಂಟಿಕೊಳ್ಳುತ್ತವೆ. ಹತ್ತು ಲಕ್ಷ ಭಾಗಕ್ಕೆ ಅವು ಎಷ್ಟು ಭಾಗ ಎಂಬ ಲೆಕ್ಕವೇ ಪಿಪಿಎಂ. ಆಕ್ಟೊಮೋರ್ ಎಂಬ ವಿಸ್ಕಿಯ 2017ರ ಒಂದು ಆವೃತ್ತಿಯಲ್ಲಿ ಈ ಸಂಖ್ಯೆ 309ನ್ನು ದಾಟಿತು.

ಆದರೆ ಮಹನೀಯರೇ, ಈ ಅಳತೆ ಕಾಳಿನದು, ಲೋಟದ್ದಲ್ಲ! ಕಾಳಿನಿಂದ ಬಾಟಲಿಗೆ ಬರುವಷ್ಟರಲ್ಲಿ ಫೀನಾಲಿನ ಬಹುಭಾಗ ಕಳೆದುಹೋಗಿರುತ್ತದೆ. ಭಟ್ಟಿ ಇಳಿಸುವಾಗ ಹೊಗೆಯ ಅಂಶ ಹೆಚ್ಚಾಗಿ ಕೊನೆಗೆ ಬರುತ್ತದೆ. ಸಂಗ್ರಹವನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದರ ಮೇಲೆ ಸ್ವಭಾವ ನಿರ್ಧಾರವಾಗುತ್ತದೆ. ಪೀಪಾಯಿಯಲ್ಲಿ ವರ್ಷಗಳು ಕಳೆದಂತೆ ಹೊಗೆ ಇನ್ನಷ್ಟು ಮೃದುವಾಗುತ್ತದೆ. ಲಗವೂಲಿನ್ ಮತ್ತು ಕಲ್ ಈಲ ಎಂಬ ಎರಡು ಐಲಾ ಭಟ್ಟಿಗಳಿಗೆ ಮಾಲ್ಟ್ ಬರುವುದು ಪೋರ್ಟ್ ಎಲೆನ್‌ನ ಒಂದೇ ಮಾಲ್ಟಿಂಗ್ ಘಟಕದಿಂದ. ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ, 35ರ ಆಸುಪಾಸು. ಆದರೂ ಒಂದು ಗಾಢ, ಗಂಭೀರ. ಇನ್ನೊಂದು ಹಗುರ, ನಿಂಬೆಯ ತಾಜಾತನದ್ದು. ಒಂದೇ ತರಗತಿಯಲ್ಲಿ ಒಂದೇ ಅಂಕ ಪಡೆದ ಇಬ್ಬರು ಮಕ್ಕಳು ಒಂದೇ ಬಗೆಯವರೆಂದು ಯಾವ ಉಪಾಧ್ಯಾಯ ಹೇಳಿಯಾನು?

ಸಂಖ್ಯೆ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಹೊಗೆ ಒಗ್ಗದವರಿಗೆ ಅದೊಂದು ಮುನ್ನೆಚ್ಚರಿಕೆ. ಆದರೆ ಮುನ್ನೆಚ್ಚರಿಕೆಯನ್ನೇ ಬಿರುದಾಗಿಸಿಕೊಂಡಾಗ ಮೂಗು ನಿರುದ್ಯೋಗಿಯಾಗುತ್ತದೆ. ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಯ ಫ್ಯೂಷನ್ ಎಂಬ ವಿಸ್ಕಿಯನ್ನೇ ನೋಡಿ. ಹೊಗೆ ಹಿಡಿಸದ ಭಾರತದ ಬಾರ್ಲಿ, ಪೀಟ್ ಹೊಗೆ ಹಿಡಿದ ಸ್ಕಾಟ್ಲೆಂಡಿನ ಬಾರ್ಲಿ, ಎರಡೂ ಅದರಲ್ಲಿವೆ. ಅಲ್ಲಿ ಹೊಗೆ ಅಬ್ಬರಿಸುವುದಿಲ್ಲ. ಉಳಿದವರಿಗೂ ಮಾತಾಡಲು ಅವಕಾಶ ಕೊಡುತ್ತದೆ. ಅದನ್ನು ಕಡಿಮೆ ಅಂಕದ್ದೆಂದು ತಳ್ಳುವವನು ಕಳೆದುಕೊಳ್ಳುವುದು ತನ್ನ ಸುಖವನ್ನೇ.

ಶಿಷ್ಯನಿಗೆ ಹೇಳಿದೆ: "ಸಂಖ್ಯೆ ಮರೆತುಬಿಡು. ಬಾಯಿ ಕಿರಿದಾದ ಲೋಟಕ್ಕೆ ಸ್ವಲ್ಪವೇ ಸುರಿ. ಮೂಗನ್ನು ಅವಸರದಿಂದ ಒಳಗೆ ತುರುಕಬೇಡ." ಮೊದಲು ಟಿಂಚರ್ ಅಯೋಡಿನ್ನಿನ ವಾಸನೆ ಎಂದು ಮುಖ ಸಿಂಡರಿಸಿದ. ಕೆಲವು ಹನಿ ನೀರು ಬೆರೆಸಿದೆವು. ಇದು ಬರಿಯ ಆಚಾರವಲ್ಲ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು, ನೀರು ಬೆರೆತಾಗ ಗ್ವಯಕಾಲ್ ಎಂಬ ಹೊಗೆಯ ಅಣು ದ್ರವದ ಮೇಲ್ಮೈಗೆ ಹೆಚ್ಚು ಬರುತ್ತದೆಂದು ಗಣಕಯಂತ್ರದ ಅನುಕರಣೆಯಿಂದ ತೋರಿಸಿದರು. ಹತ್ತು ನಿಮಿಷ ಕಾದೆವು. ಆಮೇಲೆ ಅವನು ಮೆಲ್ಲಗೆ, "ಸಾರ್, ಅಜ್ಜಿಯ ಮನೆಯ ಬಚ್ಚಲೊಲೆ" ಎಂದ. ಅಂದು ಅವನಾಡಿದ ಮೊದಲ ಸ್ವಂತ ಮಾತು ಅದು.

ಇನ್ನೊಂದು ಮಾತು. ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಆಳಕ್ಕೆ ಸಾವಿರ ವರ್ಷ ಬೇಕು. ಅಷ್ಟು ಕಾಲದ ಸಂಚಯವನ್ನು ಸುಟ್ಟು ಪಡೆದ ಪರಿಮಳವನ್ನು ಒಂದು ಸಂಖ್ಯೆಗೆ ಇಳಿಸಿ ಗಟಗಟನೆ ಮುಗಿಸುವುದು ರಸಿಕತೆಯಲ್ಲ, ಕೃತಘ್ನತೆ. ಇದು ನನ್ನ ಅಭಿಪ್ರಾಯ. ಒಪ್ಪುವುದು ಬಿಡುವುದು ತಮ್ಮದು.