ಕೆರೆಗೆ ಬಂದ ಬಾತುಗಳ ಲೆಕ್ಕ ರೈತರ ಮೊಬೈಲಲ್ಲೇ ಇರಲಿ

ಹಿಂಗಾರಿ ಕಡಲೆ ಚಿಗುರಿ ನಿಲ್ಲೋ ಹೊತ್ತಿಗೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದು ಇಳೀತವೆ. ಬೂದು ಮೈ, ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರೋ ಹಕ್ಕಿ ಇದು. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಾಗಡಿಗೆ ಚಳಿಗಾಲದಲ್ಲಿ ಸುಮಾರು 8,000 ಬರುತ್ತವೆ ಅಂತ ಹೇಳ್ತಾರೆ. ಕೆರೆ ಕಟ್ಟಿದ್ದು ಮಾತ್ರ ಹೊಲಕ್ಕೆ ನೀರು ಬಿಡೋಕೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ಜೊತೆಗೆ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯೂ ಸೇರಿತು.

ಫೋಟೋಗೆ ಬರೋರು ಇಷ್ಟು ನೋಡಿ ಹೋಗ್ತಾರೆ. ಆದರೆ ಹೆಬ್ಬಾತಿನ ಹೊಟ್ಟೆ ತುಂಬೋದು ಕೆರೆಯಲ್ಲಲ್ಲ. ಹಗಲು ನೀರಿನಲ್ಲಿ ತೂಕಡಿಸಿ, ಸಂಜೆಯಾದ ಮೇಲೆ ಸುತ್ತಲ ಹೊಲಕ್ಕೆ ಹಾರಿ ಎಳೆ ಚಿಗುರು, ಕಾಳು ಮೇಯುತ್ತವೆ. ಕೆರೆ ಅಂಚಿನ ಎರಡೆಕರೆಯವನಿಗೆ ಇದು ಸಣ್ಣ ವಿಷಯ ಅಲ್ಲ. 'ಹಕ್ಕಿ ನಮ್ಮ ಅತಿಥಿ' ಅಂತ ಪೇಟೆಯಿಂದ ಬಂದವರು ಭಾಷಣ ಮಾಡಿದರೆ ಅವನಿಗೆ ಸಿಟ್ಟು ಬಂದೇ ಬರುತ್ತೆ. ಅತಿಥಿಗೆ ಊಟ ಬಡಿಸ್ತಿರೋದು ಯಾರು?

ಹಾಗಂತ ಪಟಾಕಿ ಹೊಡೆದು ಓಡಿಸೋದರಿಂದ ಏನೂ ಸಿಗಲ್ಲ. ಒಬ್ಬರ ಹೊಲದಿಂದ ಎದ್ದಿದ್ದು ಪಕ್ಕದವರ ಹೊಲದಲ್ಲಿ ಕೂರುತ್ತೆ. ನನ್ನ ಅಭಿಪ್ರಾಯ ಇಷ್ಟೇ: ಹಕ್ಕಿ ಎಣಿಸೋ ಕೆಲಸವನ್ನ ಬೇರೆಯವರಿಗೆ ಬಿಡಬೇಡಿ. ಎಷ್ಟು ಬಂದವು, ಯಾವ ಹೊಲದಲ್ಲಿ ಎಷ್ಟು ಸಾಲು ಮೇಯ್ದವು, ಎರಡನ್ನೂ ದಿನಾಂಕ ಹಾಕಿ ಬರೆದಿಡಿ. ನಾಳೆ ಪರಿಹಾರ ಕೇಳೋಕೂ ಅದೇ ಕಾಗದ ಬೇಕು, ಕೆರೆ ಅಂಗಳ ಒತ್ತುವರಿಯಾದಾಗ ತಕರಾರು ಕೊಡೋಕೂ ಅದೇ ಬೇಕು. ಲೆಕ್ಕ ಇಲ್ಲದ ಕೆರೆಯನ್ನ 'ಅಲ್ಲೇನಿದೆ, ಬರೀ ಜೊಂಡು' ಅಂತ ಮುಗಿಸಿಬಿಡೋದು ಸುಲಭ.

ಬಾತುಗಳ ಹಿಂದೆಯೇ ಇನ್ನೊಬ್ಬ ಬರ್ತಾನೆ. ರೆಕ್ಕೆಯನ್ನ ಅಗಲ ವಿ ಆಕಾರದಲ್ಲಿ ಎತ್ತಿ, ಜೊಂಡಿನ ಮೇಲೆ ತೀರಾ ಕೆಳಗೆ ತೇಲೋ ಹದ್ದಿನಂಥ ಹಕ್ಕಿ. ಹ್ಯಾರಿಯರ್ ಅಂತಾರೆ, ಕನ್ನಡದಲ್ಲಿ ಸೆಳೆವ. ಕೆರೆಯಲ್ಲಿ ಬಾತುಗಳೆಲ್ಲ ಒಮ್ಮೆಗೇ ಭರ್ರೆಂದು ಎದ್ದರೆ ಮೊದಲು ಇವನನ್ನ ಹುಡುಕಿ. ಬಯಲಿನ ಮೇಲೆ ಹಾರೋ ಇವನ ನೆಂಟರು ಮಿಡತೆ, ಇಲಿ ಹಿಡಿದು ತಿಂತಾರೆ, ಕೂಲಿ ಕೇಳಲ್ಲ. ರಾತ್ರಿ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೇ ಮಲಗ್ತಾರೆ. ಚಳಿಗಾಲದಲ್ಲಿ ಗೋಮಾಳದ ಹುಲ್ಲಿಗೆ ಬೆಂಕಿ ಇಡೋ ಚಟ ಇವರ ಮನೆಗೇ ಬೆಂಕಿ ಇಟ್ಟ ಹಾಗೆ.

ವಿಷದ ಮಾತೂ ಹೇಳಲೇಬೇಕು. ಇಲಿಪಾಷಾಣ ಇಟ್ಟ ಮೇಲೆ ಬೆಳಿಗ್ಗೆ ಸತ್ತ ಇಲಿ ಆರಿಸಿ ಹೂತುಬಿಡಿ, ಬದುವಿನ ಮೇಲೆ ಎಸೆಯಬೇಡಿ. ಅದನ್ನ ತಿಂದ ಹದ್ದು, ನಾಯಿಗೂ ಅಪಾಯ. ಕಾರ್ಬೋಫ್ಯೂರಾನ್ ಹರಳು ಮಣ್ಣಿನ ಮೇಲೆ ಬಿದ್ದಿದ್ದರೆ ಹಕ್ಕಿ ಕಾಳು ಅಂತಲೋ ಮರಳು ಅಂತಲೋ ನುಂಗಿಬಿಡುತ್ತೆ. ಇನ್ನು ಬೇಕಂತಲೇ ಕಾಳಿಗೆ ವಿಷ ಕಲಸಿ ಬಾತು ಹಿಡಿದು ಮಾಂಸ ಮಾರೋರಿದ್ದಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಆ ಮಾಂಸ ತಿಂದವರ ಗತಿ ಬೇರೆ.

ಎಣಿಸೋದು ಕಷ್ಟ ಏನಲ್ಲ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದಿರೋ ಹಾಗೆ ಏರಿ ಮೇಲೆ ನಿಲ್ಲಿ. ಹತ್ತು ಹಕ್ಕಿ ಎಣಿಸಿ, ಅಷ್ಟೇ ಗಾತ್ರದ ಗುಂಪು ಎಷ್ಟಿದೆ ನೋಡಿ, ಕುರಿ ಮಂದೆ ಅಂದಾಜು ಮಾಡೋ ಹಾಗೆ. ಬಾಲ ಸೂಜಿಯಂತೆ ಚೂಪಾಗಿದ್ದರೆ ಸೂಜಿಬಾಲದ ಬಾತು, ಕೊಕ್ಕು ಚಮಚದಂತೆ ಅಗಲವಿದ್ದರೆ ಶೋವೆಲರ್. ಹೆಸರು ಗೊತ್ತಾಗದಿದ್ದರೆ 'ಬಾತು, 40' ಅಂತಲೇ ಬರೀರಿ. ಇ-ಬರ್ಡ್ ಆ್ಯಪ್ ಉಚಿತ, ನೆಟ್‌ವರ್ಕ್ ಇಲ್ಲದ ಕೆರೆ ಏರಿ ಮೇಲೂ ನಡೆಯುತ್ತೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೀತಿದೆ, ಅದಕ್ಕೂ ನಿಮ್ಮ ಕೆರೆ ಸೇರಿಸಬಹುದು.

ಹೆಬ್ಬಾತಿನ ಕುತ್ತಿಗೆಯಲ್ಲಿ ಬಣ್ಣದ ಪಟ್ಟಿ ಕಂಡರೆ ಹತ್ತಿರ ಹೋಗಬೇಡಿ, ಮೊಬೈಲ್ ಜೂಮ್ ಮಾಡಿ ಅದರ ಮೇಲಿನ ಅಕ್ಷರ, ಅಂಕಿ ಹಿಡಿಯಿರಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಸಿಕ್ಕಿವೆ. ನಿಮ್ಮೂರ ಕೆರೆಯಲ್ಲೂ ಸಿಗಬಹುದು.