ಪರದೇಶಕ್ಕೆ ಹೋದವನಿಗೆ ಅನ್ಸಾರರು ಯಾರು?

ದೂಧಗಂಗಾ ತೀರದ ಏಕಸಂಬಿಯಂತಹ ಊರಿನಿಂದ ಯುವಕನೊಬ್ಬ ಉದ್ಯೋಗಕ್ಕಾಗಿ ದುಬೈಗೆ ಹೊರಟನೆಂದರೆ ಆ ಮನೆಯಲ್ಲಿ ಹಬ್ಬದ ವಾತಾವರಣವಿರುತ್ತದೆ. ಬಂಧುಗಳು ಸೇರುತ್ತಾರೆ, ಹಿರಿಯರು ದುಆ ಮಾಡುತ್ತಾರೆ, ತಾಯಿ ಶೇಂಗಾ ಚಟ್ನಿಯ ಪೊಟ್ಟಣವನ್ನು ಪೆಟ್ಟಿಗೆಯೊಳಗೆ ತುರುಕುತ್ತಾಳೆ. ಆದರೆ ವಿಮಾನದಿಂದಿಳಿದ ಬಳಿಕ ಅವನ ಮೊದಲ ಮೂರು ತಿಂಗಳು ಹೇಗೆ ಕಳೆದವೆಂದು ವಿಚಾರಿಸುವವರು ನಮ್ಮಲ್ಲಿ ವಿರಳ. ಮೊದಲ ಸಂಬಳ ಬಂತೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಮರೆಯದೆ ಕೇಳುತ್ತೇವೆ.

ಒಂದೇ ಕೋಣೆಯಲ್ಲಿ ಹಲವರ ವಾಸ, ಅಪರಿಚಿತ ಅಡುಗೆ, ಅರ್ಥವಾಗದ ಭಾಷೆ, ಮೇಲಧಿಕಾರಿಯ ಗದರಿಕೆ. ಇವೆಲ್ಲವನ್ನೂ ನುಂಗಿಕೊಂಡು ಅವನು ಫೋನಿನಲ್ಲಿ "ಚೆನ್ನಾಗಿದ್ದೇನೆ ಅಮ್ಮೀ" ಎನ್ನುತ್ತಾನೆ. ಊರಿನ ನೆನಪಾಗಿ ಕಣ್ಣು ತುಂಬಿದರೆ ಅದು ತನ್ನ ದೌರ್ಬಲ್ಯವೆಂದು ನಾಚುತ್ತಾನೆ. ಆದರೆ ಇದು ನಾಚಬೇಕಾದ ವಿಷಯವೇ?

ಕ್ರಿ.ಶ. 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ಹಿಜ್ರತ್ ಹೋದವರನ್ನು ನೆನಪಿಸಿಕೊಳ್ಳೋಣ. ಅಲ್ಲಿನ ಹವೆ ಒಗ್ಗದೆ ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಬಿಲಾಲ್(ರ) ಜ್ವರದಿಂದ ಮಲಗಿದರು. ಜ್ವರ ಇಳಿದಾಗಲೆಲ್ಲ ಬಿಲಾಲರು ಮಕ್ಕಾದ ಕಣಿವೆಯನ್ನೂ ಅಲ್ಲಿನ ಹುಲ್ಲನ್ನೂ ನೆನೆದು ಹಾಡುತ್ತಿದ್ದರು. ಬಿಸಿ ಮರಳಿನ ಮೇಲೆ ಚಿತ್ರಹಿಂಸೆ ಅನುಭವಿಸಿದ್ದು ಅದೇ ಮಕ್ಕಾದಲ್ಲಿ! ಆದರೂ ಊರು ಊರೇ. ಇದನ್ನು ಅರಿತ ಪ್ರವಾದಿವರ್ಯರು(ಸ) ಅವರನ್ನು ಗದರಲಿಲ್ಲ. ಮದೀನಾವನ್ನೂ ಮಕ್ಕಾದಷ್ಟೇ ಅಥವಾ ಅದಕ್ಕಿಂತಲೂ ಹೆಚ್ಚು ಪ್ರಿಯವಾಗಿಸೆಂದು ಅಲ್ಲಾಹನಲ್ಲಿ ಬೇಡಿದರು. ತವರಿನ ಹಂಬಲ ಈಮಾನಿನ ಕೊರತೆಯಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಪ್ರವಾದಿವರ್ಯರು(ಸ) ಪ್ರಾರ್ಥನೆಯಲ್ಲಿಯೇ ನಿಲ್ಲಲಿಲ್ಲ, ವ್ಯವಸ್ಥೆಯನ್ನೂ ಮಾಡಿದರು. ಮಕ್ಕಾದಿಂದ ಬಂದ ಮುಹಾಜಿರರನ್ನು ಮದೀನಾದ ಅನ್ಸಾರರೊಂದಿಗೆ ಸಹೋದರರನ್ನಾಗಿ ಜೋಡಿಸಿದರು. ಅನ್ಸಾರಿ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನು ಅಬ್ದುರ್‍ರಹ್ಮಾನ್ ಬಿನ್ ಔಫ್(ರ)ರ ಮುಂದಿಟ್ಟರು. ಅಬ್ದುರ್‍ರಹ್ಮಾನರು ಅವರ ಸಮೃದ್ಧಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕೆಂದರು. ಗಿಣ್ಣು, ತುಪ್ಪಗಳ ವ್ಯಾಪಾರದಿಂದ ಆರಂಭಿಸಿ ಸ್ವಂತ ಕಾಲ ಮೇಲೆ ನಿಂತರು.

ಈ ಘಟನೆಯನ್ನು ನಾವು ಸ್ವಾವಲಂಬನೆಯ ಪಾಠವಾಗಿ ಮಾತ್ರ ಹೇಳುತ್ತೇವೆ. ಯುವಕರಿಗೆ ಅಬ್ದುರ್‍ರಹ್ಮಾನರಂತಾಗಿರೆಂದು ಉಪದೇಶಿಸುತ್ತೇವೆ. ಆದರೆ ಸಅದರ ಪಾತ್ರವನ್ನು ಯಾರು ವಹಿಸಬೇಕು? ಮಾರುಕಟ್ಟೆಯ ದಾರಿಯನ್ನು ಯಾರೋ ಒಬ್ಬರು ತೋರಿಸಿದ್ದರಿಂದಲೇ ಅವರು ಅಲ್ಲಿಗೆ ತಲುಪಿದರಲ್ಲವೇ?

ಕರಾವಳಿಯ ಸಹೋದರರು ಈ ಪಾಠವನ್ನು ಚೆನ್ನಾಗಿ ಅರಿತಿದ್ದಾರೆ. ದುಬೈಯಲ್ಲಿ ಭಟ್ಕಳದವರಿಗೆ ತಮ್ಮದೇ ಜಮಾಅತ್ ಇದೆ. ಅಬುಧಾಬಿಯಲ್ಲಿ ಬ್ಯಾರೀಸ್ ವೆಲ್ಫೇರ್ ಫೋರಂ ಇದೆ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಕಡೆಯವರು ಹೆಚ್ಚಾಗಿ ಒಬ್ಬೊಬ್ಬರಾಗಿಯೇ ಹೋಗುತ್ತಾರೆ, ಒಬ್ಬೊಬ್ಬರಾಗಿಯೇ ಕಷ್ಟಪಡುತ್ತಾರೆ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡಿ ಬೆಳೆದ ನಮ್ಮ ಮಕ್ಕಳಿಗೆ ಪರರೊಂದಿಗೆ ಬೆರೆಯುವುದು ಹೊಸತಲ್ಲ. ಕೈ ಹಿಡಿದು ದಾರಿ ತೋರಿಸುವವರೊಬ್ಬರು ಬೇಕು, ಅಷ್ಟೆ.

ಆ ಕೆಲಸ ಊರಿನಲ್ಲಿಯೇ ಆರಂಭವಾಗಲಿ. ವಿಸಿಟ್ ವೀಸಾದಲ್ಲಿ ಹೋಗಿ ದುಡಿಯುವುದು ಯುಎಇಯಲ್ಲಿ ಕಾನೂನುಬಾಹಿರ. ಕಾರ್ಮಿಕನ ಪಾಸ್‌ಪೋರ್ಟನ್ನು ಮಾಲೀಕ ಹಿಡಿದಿಟ್ಟುಕೊಳ್ಳುವಂತಿಲ್ಲ. ಭಾರತದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿಯಿದೆ. ಇದನ್ನು ಜುಮಾದ ಬಳಿಕ ಐದು ನಿಮಿಷ ವಿವರಿಸಿದರೆ, ಬಡ್ಡಿಯ ಸಾಲದ ಹೊರೆ ಹೊತ್ತು ವಿಮಾನ ಹತ್ತುವುದರಿಂದ ಎಷ್ಟೋ ಮನೆಗಳು ಪಾರಾಗಬಹುದು. ಮೊದಲೇ ಹೋಗಿ ನೆಲೆಯೂರಿದವರು ಹೊಸಬನಿಗೆ ಒಂದು ವಾರದ ಆಸರೆ, ಒಂದು ಹೊತ್ತಿನ ಊಟ, ಹತ್ತಿರದ ಮಸೀದಿಯ ಪರಿಚಯ ನೀಡಿದರೆ ಅವರೇ ಇಂದಿನ ಅನ್ಸಾರರು.

ಹೋದವನಿಗೂ ಹೊಣೆಯಿದೆ. ಕೋಣೆ ಮತ್ತು ಕೆಲಸ, ಇವೆರಡರ ನಡುವೆಯೇ ಬದುಕನ್ನು ಮುಗಿಸಬಾರದು. ಪಕ್ಕದ ಹಾಸಿಗೆಯವನು ಕೇರಳದವನಿರಲಿ, ನೇಪಾಳದವನಿರಲಿ, ಯಾವ ಧರ್ಮದವನೇ ಇರಲಿ, ಅವನು ನೆರೆಯವನು. ನೆರೆಯವನ ಹಕ್ಕಿಗೆ ದೇಶ, ಧರ್ಮಗಳ ಗಡಿಯಿಲ್ಲ. ಮದೀನಾ ತಲುಪಿದ ಆರಂಭದಲ್ಲಿಯೇ ಪ್ರವಾದಿವರ್ಯರು(ಸ) ಜನರಿಗೆ ಬೋಧಿಸಿದ ವಿಷಯಗಳಲ್ಲಿ ಸಲಾಮನ್ನು ಹರಡುವುದು ಮತ್ತು ಉಣಬಡಿಸುವುದು ಸೇರಿದ್ದವು. ಹೊಸ ಊರಿನಲ್ಲಿ ಸ್ನೇಹ ಸಂಪಾದಿಸಲು ಇಂದಿಗೂ ಇದಕ್ಕಿಂತ ಉತ್ತಮ ಮಾರ್ಗವಿಲ್ಲ.

ಕೊನೆಯದಾಗಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪ್ರತಿವರ್ಷ ಕಬ್ಬಿನ ಹಂಗಾಮಿನಲ್ಲಿ ಹೊರಗಿನಿಂದ ಕಟಾವಿನ ತಂಡಗಳು ನಮ್ಮ ಕಡೆಗೆ ಬರುತ್ತವೆ. ಹೆಂಡಿರು ಮಕ್ಕಳೊಂದಿಗೆ ಗುಡಿಸಲು ಹಾಕಿಕೊಂಡು ಚಳಿಯಲ್ಲಿ ದಿನ ದೂಡುತ್ತವೆ. ಅವರಲ್ಲಿ ಒಬ್ಬನ ಹೆಸರಾದರೂ ನಮಗೆ ಗೊತ್ತೇ? ದುಬೈಯಲ್ಲಿರುವ ನಮ್ಮ ಮಗನಿಗೆ ಯಾರಾದರೂ ಅನ್ಸಾರರಾಗಲಿ ಎಂದು ಬೇಡುವ ನಾವು, ನಮ್ಮ ಹೊಲದ ಬದುವಿನಲ್ಲಿರುವ ಪರದೇಶಿಗೆ ಏನಾಗಿದ್ದೇವೆ?

ಮನೆ ಬಿಟ್ಟು ದೂರದಲ್ಲಿರುವ ನಮ್ಮ ಎಲ್ಲ ಮಕ್ಕಳಿಗೂ ಆ ಊರುಗಳನ್ನು ಅಲ್ಲಾಹನು ಪ್ರಿಯವಾಗಿಸಲಿ. ನಮ್ಮ ಊರಿಗೆ ಬಂದವರಿಗೆ ನಮ್ಮನ್ನು ಒಳ್ಳೆಯ ನೆರೆಯವರನ್ನಾಗಿಸಲಿ. ಆಮೀನ್.