ಸಿಟ್ಟು ಹಿಡಿಯುವ ವಿದ್ಯೆ: ಗಡಿನಾಡಿಗೆ ಯಾವ ಭಾಷೆಯಲ್ಲಿ?

ಕಾಸರಗೋಡು: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ಆ ವರ್ಷ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಲಕ್ಷ ಜನರಿಗೆ ದೇಶದ ಸರಾಸರಿ 12.4; ಕೇರಳದ್ದು 28.5. ದೇಶದ ಕಾರಣಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕೌಟುಂಬಿಕ ಸಮಸ್ಯೆಗಳಿಗೆ, ಶೇ. 31.7. ಸಾಲ, ಕುಡಿತ, ಒಂಟಿತನ ಎಂದು ನಾವು ಮಾತು ಮುಗಿಸುತ್ತೇವೆ. ಆದರೆ 'ಕೌಟುಂಬಿಕ ಸಮಸ್ಯೆ' ಎಂಬ ಎರಡು ಪದಗಳೊಳಗೆ ಏನಿದೆ ಎಂದು ಇಣುಕುವವರು ಕಡಿಮೆ. ಎಲ್ಲ ಕಡೆ ಹೀಗೆಯೇ ಎನ್ನಲಾಗದು, ಆದರೂ ಎಷ್ಟೋ ಮನೆಗಳಲ್ಲಿ ಅಲ್ಲಿರುವುದು ಒಂದು ಮಾತು, ಅದರಿಂದ ಎದ್ದ ಸಿಟ್ಟು ಅಥವಾ ಅವಮಾನ, ಅದು ಇಳಿಯುವವರೆಗಿನ ಅರ್ಧ ಗಂಟೆಯನ್ನು ದಾಟಲಾಗದ ಮನಸ್ಸು.

ಆ ಅರ್ಧ ಗಂಟೆಯನ್ನು ದಾಟುವುದನ್ನು ಕಲಿಸಬಹುದು ಎಂದು ತೋರಿಸಿಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹನ್. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಅವರು ರೂಪಿಸಿದ ಚಿಕಿತ್ಸೆಗೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ ಎಂದು ಹೆಸರು. ಮೊದಲ ಪರೀಕ್ಷೆಯ ಫಲಿತಾಂಶ 1991ರಲ್ಲಿ, ಪುಸ್ತಕ 1993ರಲ್ಲಿ ಬಂತು. ಹದಿಹರೆಯದಲ್ಲಿ ತಾನೇ ಮಾನಸಿಕ ಆಸ್ಪತ್ರೆಯಲ್ಲಿ ಎರಡು ವರ್ಷ ಕಳೆದವಳು ಎಂದು ಆಕೆ ಬಹಿರಂಗವಾಗಿ ಹೇಳಿದ್ದು 2011ರಲ್ಲಿ. ಚಿಕಿತ್ಸೆ ಮೊದಲು ಹುಟ್ಟಿದ್ದು ಪದೇ ಪದೇ ಸಾಯಲು ಯತ್ನಿಸುವವರಿಗಾಗಿ, ಅವರಲ್ಲೂ 'ಬಾರ್ಡರ್‌ಲೈನ್' ಎಂಬ ವ್ಯಕ್ತಿತ್ವದ ತೊಂದರೆ ಇರುವವರಿಗಾಗಿ. ಹೆಸರಿನಲ್ಲೇ ಗಡಿ ಇದೆ ಎಂದು ನಮ್ಮವರು ನಗಬಹುದು. ಆ ತೊಂದರೆ ಇರುವವರ ಭಾವನೆ ಬೇಗ ಹತ್ತಿಕೊಳ್ಳುತ್ತದೆ, ಜೋರಾಗಿ ಉರಿಯುತ್ತದೆ, ಆರಲು ಬಹಳ ಹೊತ್ತು ಬೇಕು.

ಇದರಲ್ಲಿ ಒಬ್ಬೊಬ್ಬರೇ ಕುಳಿತು ಮಾತಾಡುವ ಚಿಕಿತ್ಸೆಯ ಜತೆಗೆ ವಾರಕ್ಕೊಂದು ತರಗತಿಯೂ ಇದೆ. ಈ ಕ್ಷಣದಲ್ಲಿ ನಿಲ್ಲುವುದು, ಸಂಕಟದ ಹೊತ್ತನ್ನು ದಾಟುವುದು, ಭಾವನೆಯನ್ನು ಹತೋಟಿಗೆ ತರುವುದು, ಜಗಳವಿಲ್ಲದೆ ಬೇಕಾದ್ದನ್ನು ಕೇಳುವುದು ಅಲ್ಲಿನ ಪಾಠಗಳು. 99 ಮಹಿಳೆಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ತರಗತಿ ಇದ್ದ ಗುಂಪುಗಳಲ್ಲಿ ತಮ್ಮನ್ನು ತಾವೇ ಗಾಯಗೊಳಿಸಿಕೊಳ್ಳುವುದೂ ಖಿನ್ನತೆಯೂ ಹೆಚ್ಚು ಇಳಿದವು.

ಪಾಠಗಳು ಕೇಳಲು ಸರಳ. ತಣ್ಣೀರಿನಲ್ಲಿ ಮುಖವನ್ನು ಉಸಿರು ಹಿಡಿದು ಅರ್ಧ ನಿಮಿಷದವರೆಗೆ ಮುಳುಗಿಸುವುದು ಒಂದು. ನೀರಿಗೆ ಮುಳುಗಿದಾಗ ಎದೆಬಡಿತ ನಿಧಾನವಾಗುವ ದೇಹಗುಣವೇ ಇದರ ಗುಟ್ಟು. ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು. ಇನ್ನೊಂದು, ಘಟನೆಯ ಸರಪಳಿಯನ್ನು ಹಿಂದಕ್ಕೆ ಬಿಚ್ಚುವುದು. ಅಪ್ಪ ನೆಂಟರೆದುರು ಬೈದರು, ಮಗ ತಟ್ಟೆ ಎಸೆದ. ನಾವು ಅಷ್ಟೇ ನೋಡುತ್ತೇವೆ. ಸರಪಳಿ ಬಿಚ್ಚಿದರೆ ಹಿಂದಿನ ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ತಿಂಡಿ ಇಲ್ಲ, ಸಂದರ್ಶನದಿಂದ ಉತ್ತರ ಇಲ್ಲ. ಯಾವ ಕೊಂಡಿಯನ್ನು ಕಳಚಬಹುದಿತ್ತು ಎಂಬುದು ಅಲ್ಲಿನ ಪ್ರಶ್ನೆ. ತಪ್ಪು ಯಾರದು ಎಂಬುದಲ್ಲ.

ಮೂರನೆಯದು, ಭಾವನೆ ಎಳೆಯುವ ದಿಕ್ಕಿಗೆ ವಿರುದ್ಧ ನಡೆಯುವುದು. ಪರೀಕ್ಷೆಯಲ್ಲಿ ಫೇಲಾದ ನಾಚಿಕೆ ಕೋಣೆ ಸೇರು ಎಂದರೆ, ಎದ್ದು ಬಂದು ಜಗಲಿಯಲ್ಲಿ ಕೂರುವುದು. ಇಲ್ಲಿ ಒಂದು ಷರತ್ತಿದೆ, ಅದನ್ನು ಬಿಟ್ಟರೆ ಅನರ್ಥ. ಭಾವನೆ ವಾಸ್ತವಕ್ಕೆ ಹೊಂದದಿದ್ದಾಗ ಮಾತ್ರ ವಿರುದ್ಧ ನಡೆಯಬೇಕು. ಹೊಡೆಯುವ ಗಂಡನ ಎದುರು ಹೆಂಡತಿಗೆ ಭಯವಾದರೆ ಆ ಭಯ ಸರಿ. ಅವಳಿಗೆ ಬೇಕಾದ್ದು ಸುರಕ್ಷಿತ ಜಾಗ, ಉಸಿರಾಟದ ಅಭ್ಯಾಸವಲ್ಲ. ತಾಳಿದವನು ಬಾಳಿಯಾನು ಎಂದು ಹೆಣ್ಣುಮಕ್ಕಳಿಗೆ ಹೇಳಿ ಕಳಿಸುವ ನಮ್ಮ ಹಳೆಯ ಚಾಳಿಗೆ ಈ ವಿದ್ಯೆಯ ಬಣ್ಣ ಬಳಿಯಬಾರದು.

ಎಲ್ಲರಿಗೂ ಒಟ್ಟಿಗೆ ಕಲಿಸಿಬಿಡೋಣ ಎನ್ನುವ ಉತ್ಸಾಹಕ್ಕೂ ಕಡಿವಾಣ ಬೇಕು. ಆಸ್ಟ್ರೇಲಿಯಾದ ಶಾಲೆಗಳಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಭಾಗವಹಿಸಿದ್ದ, ಡಿಬಿಟಿ ಆಧಾರಿತ ಪಾಠದ ಪ್ರಯೋಗವೊಂದರ ಫಲಿತಾಂಶ 2023ರಲ್ಲಿ ಬಂತು. ಲಾಭ ಕಾಣಲಿಲ್ಲ, ತಂದೆತಾಯಿ ಜತೆಗಿನ ಸಂಬಂಧ ತುಸು ಕೆಟ್ಟಿತ್ತು. ಬೇಕಾದವರನ್ನು ಗುರುತಿಸಿ, ತರಬೇತಿ ಪಡೆದವರು, ಸಾಕಷ್ಟು ಸಮಯ ಕೊಟ್ಟು ಕಲಿಸಬೇಕು.

ಗಡಿನಾಡಿನ ತೊಡಕು ಇರುವುದು ಇಲ್ಲೇ. ಭಾವನೆಯನ್ನು ಹತೋಟಿಗೆ ತರುವ ಪಾಠದ ಮೊದಲ ಮೆಟ್ಟಿಲು ಅದಕ್ಕೆ ಸರಿಯಾದ ಹೆಸರಿಡುವುದು. ನಮ್ಮ ಆಡುಮಾತಿನಲ್ಲಿ 'ಬೇಜಾರು' ಎಂದರೆ ದುಃಖ, ಬೇಸರ, ನೋವು, ಮುನಿಸು ಎಲ್ಲವೂ. ಅದನ್ನು ಬಿಡಿಸಿ ಕೇಳಲು ಕೇಳುವವರಿಗೆ ಕನ್ನಡ ಬರಬೇಕು. ಮಲೆಯಾಳದ 'ದೇಷ್ಯಂ' ಬರೀ ಸಿಟ್ಟು. ಕನ್ನಡದ ಕಿವಿಗೆ ಅದು ದ್ವೇಷ. ಅಲ್ಲಿನ 'ಸಂಕಟಂ' ಸಾಮಾನ್ಯ ದುಃಖ; ನಮ್ಮ ಸಂಕಟ ಅದಕ್ಕಿಂತ ಬಹಳ ಭಾರದ್ದು. ಕನ್ನಡದ ಹುಡುಗಿ "ಸಂಕಟ ತಡೆಯಲಾಗುತ್ತಿಲ್ಲ" ಎಂದರೆ ಮಲೆಯಾಳಂ ಮಾತ್ರ ಬಲ್ಲ ಸಲಹೆಗಾರರು ಅದನ್ನು ಹಗುರ ಮಾಡಿ ಬರೆದುಕೊಳ್ಳುವ ಸಾಧ್ಯತೆ ಇದೆ. ಪೇಟೆಯ ವ್ಯವಹಾರಕ್ಕೆ, ಬಸ್ಸಿಗೆ, ಪಂಚಾಯತ್ ಕಚೇರಿಗೆ ನಮ್ಮ ಎರಡನೇ ಭಾಷೆ ಧಾರಾಳ ಸಾಕು. ಅಳುವಾಗ ಸಾಲದು. ತಾಳವಾಡಿಯಲ್ಲಿ ತಮಿಳಿಗೂ ಅಕ್ಕಲಕೋಟೆಯಲ್ಲಿ ಮರಾಠಿಗೂ ಈ ಮಾತು ಅನ್ವಯ.

ಕಾನೂನು ನಮ್ಮ ಕಡೆಗಿದೆ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 22ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. 115ನೇ ಸೆಕ್ಷನ್ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡುವ ಹೊಣೆಯನ್ನು ಸರ್ಕಾರದ ಮೇಲಿಟ್ಟಿದೆ; ಪೊಲೀಸ್ ಕೇಸಾಗುತ್ತದೆಂದು ಆಸ್ಪತ್ರೆಗೆ ಹೆದರುವ ಕಾಲ ಹೋಯಿತು. ಭಾಷಾ ಅಲ್ಪಸಂಖ್ಯಾತರ ಸಭೆಗಳಲ್ಲಿ ನಾವು ಕೇಳುವುದು ಶಾಲೆ, ನಾಮಫಲಕ, ಅರ್ಜಿ ನಮೂನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕಿನಲ್ಲಿ ಕನ್ನಡ ಬಲ್ಲ ಸಲಹೆಗಾರರು ಯಾವ ದಿನ ಸಿಗುತ್ತಾರೆ ಎಂಬ ಪ್ರಶ್ನೆಯೂ ಆ ಪಟ್ಟಿಗೆ ಸೇರಬೇಕು. ಆಶಾ ಕಾರ್ಯಕರ್ತೆಯರಿಗೂ ಕುಟುಂಬಶ್ರೀ ಗುಂಪುಗಳಿಗೂ ಕೊಡುವ ತರಬೇತಿಯ ಕೈಪಿಡಿ ಕನ್ನಡದಲ್ಲಿ ಬೇಕೆಂದು ಬರೆದು ಕೇಳಬೇಕು.

ಅಷ್ಟರವರೆಗೆ ಕೈಯಲ್ಲಿರುವುದು ಫೋನು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಹಗಲು ರಾತ್ರಿ ಇರುತ್ತದೆ. ಕರೆ ಮಾಡಿದಾಗ ಭಾಷೆ ಆರಿಸಲು ಹೇಳುತ್ತದೆ, ಪಟ್ಟಿಯಲ್ಲಿ ಕನ್ನಡವೂ ಇದೆ.